ಖ್ವಾಜಾ ಅಹ್ಮದ್ ಅಬ್ಬಾಸ್: ಹದಿನಾರು ನಿಮಿಷದ ಚಿತ್ರ, ಸುಪ್ರೀಂ ಕೋರ್ಟಿನ ಮೊಕದ್ದಮೆ



ಬೀದರ ನಗರದಿಂದ ಮೂರ್ನಾಲ್ಕು ಕಿಲೋಮೀಟರ್ ದೂರದಲ್ಲಿರುವ ಅಷ್ಟೂರಿನ ಬಹಮನಿ ಗುಂಬಜುಗಳನ್ನು ನೀವೆಲ್ಲ ನೋಡಿದ್ದೀರಿ. ದೂರದೂರುಗಳಿಂದ ಬರುವ ಪ್ರವಾಸಿಗರು ಒಂದೊಂದು ಗುಂಬಜಿನ ಮುಂದೆಯೂ ನಿಂತು, ಇದು ಯಾವ ಸುಲ್ತಾನರದು ಎಂದು ಕೇಳುತ್ತಾರೆ. ಕಲ್ಲು ಒಡೆದವರು ಯಾರು, ಗಾರೆ ಅರೆದವರು ಯಾರು, ಅಷ್ಟೆತ್ತರಕ್ಕೆ ಇಟ್ಟಿಗೆ ಹೊತ್ತವರು ಯಾರು ಎಂದು ಕೇಳುವವರು ವಿರಳ. ಕಟ್ಟಿಸಿದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ, ಕಟ್ಟಿದವರ ಹೆಸರು ಮಣ್ಣಿನಲ್ಲಿ ಮಣ್ಣಾಗುತ್ತದೆ. ಇದು ಅಷ್ಟೂರಿಗೆ ಮಾತ್ರ ಸೇರಿದ ಮಾತಲ್ಲ, ಲೋಕದ ಎಲ್ಲ ಕಟ್ಟಡಗಳಿಗೂ ಸಲ್ಲುವ ಮಾತು.

ಕಟ್ಟಿದ ಕೈಗಳು ಯಾರವು ಎಂಬ ಪ್ರಶ್ನೆಯನ್ನು 1968ರಲ್ಲಿ ಕ್ಯಾಮೆರಾ ಹಿಡಿದು ಕೇಳಿದ ಒಬ್ಬ ಮಹನೀಯರಿದ್ದರು. ಅವರು ತಯಾರಿಸಿದ್ದು ಕೇವಲ ಹದಿನಾರು ನಿಮಿಷದ ಒಂದು ಸಾಕ್ಷ್ಯಚಿತ್ರ. ಆ ಪುಟ್ಟ ಚಿತ್ರವೇ ಮುಂದೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದು, ಈ ದೇಶದ ಸಿನಿಮಾ ಸೆನ್ಸಾರ್ ಕಾನೂನಿನ ಚರಿತ್ರೆಯಲ್ಲಿ ಮೈಲಿಗಲ್ಲಾಯಿತು. ಅವರೇ ಖ್ವಾಜಾ ಅಹ್ಮದ್ ಅಬ್ಬಾಸ್. ಪತ್ರಕರ್ತ, ಕಥೆಗಾರ, ಕಾದಂಬರಿಕಾರ, ಚಿತ್ರಕಥಾ ಲೇಖಕ, ನಿರ್ದೇಶಕ, ಎಲ್ಲವೂ ಆಗಿದ್ದ ಈ ವ್ಯಕ್ತಿಯ ಜೀವನವನ್ನು ನಮ್ಮ ವಿದ್ಯಾರ್ಥಿ ಮಿತ್ರರು ಅವಶ್ಯವಾಗಿ ತಿಳಿದುಕೊಳ್ಳಬೇಕು.

ಹಾಲಿಯವರ ಮನೆತನ

ಅಬ್ಬಾಸರು ಹುಟ್ಟಿದ್ದು 1914ರ ಜೂನ್ 7ರಂದು, ಇಂದಿನ ಹರಿಯಾಣ ರಾಜ್ಯದ ಪಾಣಿಪತ್ತಿನಲ್ಲಿ. ಉರ್ದು ಬಲ್ಲ ನಮ್ಮ ಹಿರಿಯರಿಗೆ ಪಾಣಿಪತ್ ಎಂದೊಡನೆ ಯುದ್ಧಗಳ ಜೊತೆಗೆ ಇನ್ನೊಂದು ಹೆಸರೂ ನೆನಪಾಗುತ್ತದೆ: ಮೌಲಾನಾ ಅಲ್ತಾಫ್ ಹುಸೇನ್ ಹಾಲಿ. ಮಿರ್ಜಾ ಗಾಲಿಬರ ಶಿಷ್ಯರು, ಸರ್ ಸಯ್ಯದ್ ಅಹ್ಮದ್ ಖಾನರ ಒಡನಾಡಿ, 'ಮುಸದ್ದಸ್' ಬರೆದು ಮಲಗಿದ್ದ ಸಮುದಾಯವನ್ನು ಎಬ್ಬಿಸಲು ಹೊರಟ ಕವಿ. ಅಬ್ಬಾಸರು ತಾಯಿಯ ಕಡೆಯಿಂದ ಆ ಹಾಲಿಯವರ ಮರಿಮಗ. ಮರಿಮಗ ಹುಟ್ಟಿದ ವರ್ಷದ ಕೊನೆಯ ದಿನವೇ ಹಾಲಿಯವರು ಈ ಲೋಕ ಬಿಟ್ಟು ಹೋದರು.

ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತನಾಡಲೂ ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ಹಾಲಿಯವರು ಅದರ ಪರವಾಗಿ ಪುಸ್ತಕ ಬರೆದವರು. ಅಂಥ ಮನೆಯಲ್ಲಿ ಬೆಳೆದ ಬಾಲಕನಿಗೆ ಓದು ಮತ್ತು ಸಮಾಜದ ಚಿಂತೆ ಒಟ್ಟಿಗೇ ದೊರೆತವು. ಕುರ್‌ಆನ್ ಪಠಣದೊಂದಿಗೆ ವಿದ್ಯಾಭ್ಯಾಸ ಆರಂಭವಾಯಿತು. ಹಾಲಿಯವರ ಹೆಸರಿನ ಪ್ರೌಢಶಾಲೆಯಲ್ಲಿ ಕಲಿತು ಹದಿನೈದನೆಯ ವಯಸ್ಸಿನಲ್ಲೇ ಮೆಟ್ರಿಕ್ ಮುಗಿಸಿದರು. ಅಲ್ಲಿಂದ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ. 1933ರಲ್ಲಿ ಬಿ.ಎ., 1935ರಲ್ಲಿ ಎಲ್‌ಎಲ್.ಬಿ.

ಕಾನೂನು ಓದಿದರೂ ಅವರು ಕರಿಕೋಟು ಹಾಕಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ 'ಅಲೀಗಢ್ ಒಪಿನಿಯನ್' ಎಂಬ ಪತ್ರಿಕೆ ಹೊರಡಿಸಿದ್ದರು. ಕೈಗೆ ಅಂಟಿದ ಮಸಿ ಬಿಡಲಿಲ್ಲ. ಈ ಕಾನೂನು ಪದವಿಯನ್ನು ಮಾತ್ರ ನೀವು ನೆನಪಿನಲ್ಲಿಡಿ. ಮೂವತ್ತೈದು ವರ್ಷಗಳ ನಂತರ ಅದು ಬೇರೆಯೇ ರೀತಿಯಲ್ಲಿ ನಮಗೆ ಎದುರಾಗಲಿದೆ.

ಲೇಖನಿ ಹಿಡಿದ ಕೈ

1935ರಲ್ಲಿ ಅಬ್ಬಾಸರು ಮುಂಬಯಿಗೆ ಬಂದು 'ಬಾಂಬೆ ಕ್ರಾನಿಕಲ್' ಪತ್ರಿಕೆ ಸೇರಿದರು. ಸಯ್ಯದ್ ಅಬ್ದುಲ್ಲಾ ಬ್ರೆಲ್ವಿ ಅವರ ಸಂಪಾದಕತ್ವದಲ್ಲಿ ಹೊರಡುತ್ತಿದ್ದ ಈ ಪತ್ರಿಕೆ ಸ್ವಾತಂತ್ರ್ಯ ಚಳವಳಿಯ ಬೆನ್ನಿಗೆ ನಿಂತಿತ್ತು. ಅಲ್ಲಿ ಅವರು ರಾಜಕೀಯ ವರದಿಯನ್ನೂ ಬರೆದರು, ಸಿನಿಮಾ ವಿಮರ್ಶೆಯನ್ನೂ ಬರೆದರು. ರಾಜಕೀಯ ಮತ್ತು ಸಿನಿಮಾ ಎರಡೂ ಅವರ ಜೀವನದಲ್ಲಿ ಬೇರೆ ಬೇರೆಯಾಗಿ ಉಳಿಯಲೇ ಇಲ್ಲ.

'ಲಾಸ್ಟ್ ಪೇಜ್' ಎಂಬ ಅವರ ಅಂಕಣ ಈ ಪತ್ರಿಕೆಯಲ್ಲಿಯೇ ಹುಟ್ಟಿತು. 1947ರಲ್ಲಿ ಅದು ಆರ್.ಕೆ. ಕರಂಜಿಯಾ ಅವರ 'ಬ್ಲಿಟ್ಸ್' ವಾರಪತ್ರಿಕೆಗೆ ಬಂತು. ಉರ್ದುವಿನಲ್ಲಿ ಅದೇ ಅಂಕಣಕ್ಕೆ 'ಆಜಾದ್ ಕಲಂ' ಎಂದು ಹೆಸರು. 1987ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಬರೆಯುತ್ತಲೇ ಇದ್ದರು. ಒಬ್ಬರೇ ವ್ಯಕ್ತಿ ಇಷ್ಟು ದೀರ್ಘಕಾಲ ನಡೆಸಿದ ರಾಜಕೀಯ ಅಂಕಣ ನಮ್ಮ ದೇಶದಲ್ಲಿ ಬಹಳ ಅಪರೂಪ. ಇದರ ನಡುವೆ ಇಂಗ್ಲಿಷ್, ಉರ್ದು ಮತ್ತು ಹಿಂದಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. 1955ರ 'ಇನ್‌ಕಿಲಾಬ್' ಕಾದಂಬರಿ ಸ್ವಾತಂತ್ರ್ಯ ಹೋರಾಟದ ಕಾಲವನ್ನು ಚಿತ್ರಿಸಿದರೆ, 1977ರ 'ಐ ಆಮ್ ನಾಟ್ ಆ್ಯನ್ ಐಲ್ಯಾಂಡ್' ಅವರ ಆತ್ಮಕಥೆ.

ದೇಶ ವಿಭಜನೆಯಾದಾಗ ಪಾಣಿಪತ್ತಿನ ಮುಸ್ಲಿಮರು ತಮ್ಮ ಮನೆಮಾರು ಬಿಟ್ಟು ಹೊರಡಬೇಕಾಯಿತು. ಹಾಲಿಯವರ ಊರಿನಲ್ಲಿ ಹಾಲಿಯವರ ಜನ ಉಳಿಯಲಿಲ್ಲ. ಅಬ್ಬಾಸರು ಮಾತ್ರ ಭಾರತವೇ ತನ್ನ ನೆಲ ಎಂದು ಮುಂಬಯಿಯಲ್ಲಿಯೇ ಉಳಿದರು. ಆ ದಿನಗಳ ಗಲಭೆಯ ಹಿನ್ನೆಲೆಯಲ್ಲಿ ಅವರು 'ಸರ್ದಾರ್‌ಜಿ' ಎಂಬ ಕಥೆ ಬರೆದರು. ಸಿಖ್ಖರ ಬಗ್ಗೆ ಪೂರ್ವಗ್ರಹ ತುಂಬಿಕೊಂಡ ಮುಸ್ಲಿಮನೊಬ್ಬನನ್ನು ಒಬ್ಬ ಸಿಖ್ ವೃದ್ಧರೇ ಪ್ರಾಣ ಕೊಟ್ಟು ಕಾಪಾಡುವ ಕಥೆ ಅದು. ಪೂರ್ವಗ್ರಹವನ್ನು ಬಯಲಿಗೆಳೆಯಲು ಬರೆದ ಕಥೆಯನ್ನೇ ಪೂರ್ವಗ್ರಹದ ಕಥೆ ಎಂದು ತಪ್ಪಾಗಿ ತಿಳಿದು ಹಲವರು ಕೆರಳಿದರು. ಮಾತು ಕೋರ್ಟಿನವರೆಗೂ ಹೋಯಿತು. ಒಳ್ಳೆಯ ಉದ್ದೇಶದಿಂದ ಬರೆದದ್ದಕ್ಕೂ ಕಟಕಟೆ ಕಾದಿರುತ್ತದೆ ಎಂಬ ಪಾಠ ಅವರಿಗೆ ಆಗಲೇ ಸಿಕ್ಕಿತ್ತು.

ಬರಗಾಲದ ಚಿತ್ರ, ಬೀದಿಯ ಚಿತ್ರ

1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಮಳೆ ಬಾರದೆ ಬಂದ ಬರಕ್ಕಿಂತ ಹೆಚ್ಚಾಗಿ ಯುದ್ಧಕಾಲದ ಆಡಳಿತದ ನಿರ್ಲಕ್ಷ್ಯ, ಕಾಳಸಂತೆ ಮತ್ತು ದಾಸ್ತಾನುಕೋರರ ದುರಾಸೆ ಈ ಸಾವುಗಳಿಗೆ ಕಾರಣವಾದವು. ಅದೇ ವರ್ಷ ಹುಟ್ಟಿದ ಭಾರತೀಯ ಜನನಾಟ್ಯ ಸಂಘದ, ಅಂದರೆ ಇಪ್ಟಾದ, ಸ್ಥಾಪಕರಲ್ಲಿ ಅಬ್ಬಾಸರೂ ಒಬ್ಬರು. ಆ ಸಂಘ ತಯಾರಿಸಿದ 'ಧರ್ತಿ ಕೆ ಲಾಲ್' ಚಿತ್ರವನ್ನು 1946ರಲ್ಲಿ ಅವರು ನಿರ್ದೇಶಿಸಿದರು. ಸಂಗೀತ ಪಂಡಿತ್ ರವಿಶಂಕರರದು. ಬಲರಾಜ್ ಸಾಹನಿ, ಶಂಭು ಮಿತ್ರ, ತೃಪ್ತಿ ಮಿತ್ರ ನಟಿಸಿದರು. ಹಳ್ಳಿ ಬಿಟ್ಟು ಕಲ್ಕತ್ತೆಯ ಪುಟ್‌ಪಾತಿಗೆ ಬಂದು ಬೀಳುವ ರೈತ ಕುಟುಂಬದ ಕಥೆ ಅದು. ಕಥಾಚಿತ್ರವಾದರೂ ಅದರ ಉಸಿರು ಸಾಕ್ಷ್ಯಚಿತ್ರದ್ದೇ.

ಅದೇ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡ ಚೇತನ್ ಆನಂದರ 'ನೀಚಾ ನಗರ್' ಚಿತ್ರದ ಬರವಣಿಗೆಯಲ್ಲಿಯೂ ಅಬ್ಬಾಸರ ಪಾಲಿತ್ತು. ಚೀನಾಕ್ಕೆ ಹೋಗಿ ಯುದ್ಧದ ಗಾಯಾಳುಗಳ ಸೇವೆ ಮಾಡುತ್ತಲೇ ಪ್ರಾಣ ಬಿಟ್ಟ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ಣಿಸರ ಬಗ್ಗೆ ಅವರು ಬರೆದ ಪುಸ್ತಕ ವಿ. ಶಾಂತಾರಾಮರ ಕೈಯಲ್ಲಿ ಚಲನಚಿತ್ರವಾಯಿತು. ಸೊಲ್ಲಾಪುರ ನಮಗೆ ದೂರವೇನಲ್ಲ, ಆ ಹೆಸರು ನಮ್ಮ ಕಡೆಯ ಹಿರಿಯರಿಗೆ ಚಿರಪರಿಚಿತ.

ಇನ್ನು ಜನಸಾಮಾನ್ಯರು ಅಬ್ಬಾಸರನ್ನು ಬಲ್ಲದ್ದು ರಾಜ್ ಕಪೂರರ ಚಿತ್ರಗಳಿಂದ. 1951ರ 'ಆವಾರಾ', 1955ರ 'ಶ್ರೀ 420', 1970ರ 'ಮೇರಾ ನಾಮ್ ಜೋಕರ್', 1973ರ 'ಬಾಬಿ', ಇವೆಲ್ಲಕ್ಕೂ ಕಥೆ ಅಥವಾ ಚಿತ್ರಕಥೆಯಲ್ಲಿ ಅವರ ಕೈ ಇದೆ. ಕಳ್ಳನ ಮಗ ಕಳ್ಳನೇ ಆಗಬೇಕೆ, ಮನುಷ್ಯನನ್ನು ರೂಪಿಸುವುದು ರಕ್ತವೋ ಅವನು ಬೆಳೆದ ಬೀದಿಯೋ ಎಂಬ 'ಆವಾರಾ'ದ ಪ್ರಶ್ನೆ ಪ್ರತಿಯೊಬ್ಬ ಶಿಕ್ಷಕನೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಚಿತ್ರಗಳಿಂದ ಬಂದ ಹಣವನ್ನು ಅಬ್ಬಾಸರು ತಮ್ಮ 'ನಯಾ ಸಂಸಾರ್' ಸಂಸ್ಥೆಗೆ ಸುರಿಯುತ್ತಿದ್ದರು. 1951ರಲ್ಲಿ ಕಟ್ಟಿದ ಆ ಸಂಸ್ಥೆಯ ಬಹುಪಾಲು ಚಿತ್ರಗಳು ಗಲ್ಲಾಪೆಟ್ಟಿಗೆಯಲ್ಲಿ ಸೋತವು. ಅವರ ಚಿತ್ರಗಳಲ್ಲಿ ಭಾಷಣ ಹೆಚ್ಚು, ಕಲೆ ಕಡಿಮೆ ಎಂದು ದೂರಿದ ವಿಮರ್ಶಕರೂ ಉಂಟು. ಆ ದೂರಿನಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ 1963ರ 'ಶೆಹರ್ ಔರ್ ಸಪ್ನಾ' ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪತಿ ಸ್ವರ್ಣಪದಕ ದೊರೆಯಿತು. ಮುಂಬಯಿಯಲ್ಲಿ ತಲೆಯ ಮೇಲೆ ಸೂರಿಲ್ಲದೆ, ರಸ್ತೆ ಬದಿಯ ದೊಡ್ಡ ಚರಂಡಿ ಪೈಪಿನೊಳಗೆ ಸಂಸಾರ ಹೂಡುವ ಬಡ ಗಂಡಹೆಂಡಿರ ಕಥೆ ಅದು. ಮಹಾನಗರದ ಬೆಳಕಿನ ಕೆಳಗಿನ ಈ ಕತ್ತಲೆಯೇ ಐದು ವರ್ಷಗಳ ನಂತರ ಅವರ ಸಾಕ್ಷ್ಯಚಿತ್ರದ ವಸ್ತುವಾಯಿತು.

ನಾಲ್ಕು ನಗರಗಳು, ಒಂದು ಕಥೆ

1968ರಲ್ಲಿ ತಯಾರಾದ ಆ ಚಿತ್ರದ ಹೆಸರು 'ಚಾರ್ ಶಹರ್ ಏಕ್ ಕಹಾನಿ'. ಇಂಗ್ಲಿಷಿನಲ್ಲಿ 'ಎ ಟೇಲ್ ಆಫ್ ಫೋರ್ ಸಿಟೀಸ್'. ಕಲ್ಕತ್ತಾ, ಮುಂಬಯಿ, ಮದರಾಸು ಮತ್ತು ದೆಹಲಿ, ಇವೇ ಆ ನಾಲ್ಕು ನಗರಗಳು. ಕಪ್ಪು ಬಿಳುಪಿನ ಚಿತ್ರ. ಒಂದು ಕಡೆ ಗಗನಚುಂಬಿ ಕಟ್ಟಡಗಳು, ಐಷಾರಾಮಿ ಹೋಟೆಲುಗಳು, ಕಾರ್ಖಾನೆಗಳು. ಇನ್ನೊಂದು ಕಡೆ ಜೋಪಡಿಗಳು, ಡಾಂಬರು ಹಾಕುವವರು, ಕೈಗಾಡಿ ಎಳೆಯುವವರು, ಬೆವರು ಸುರಿಸಿ ದುಡಿಯುವವರು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ವೇಗವಾಗಿ ತೋರಿಸುತ್ತಾ ಹೋಗುವುದೇ ಈ ಚಿತ್ರದ ರೀತಿ. ಈ ವೈಭವವನ್ನು ಕಟ್ಟಿದ ಕೈಗಳಿಗೆ ಅದರಲ್ಲಿ ಸಿಕ್ಕ ಪಾಲೆಷ್ಟು ಎಂದು ಚಿತ್ರ ಕೇಳುತ್ತದೆ.

ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ದಾಟಿದ್ದ ಕಾಲ. 1948ರಲ್ಲಿ ಸ್ಥಾಪನೆಯಾದ ಸರ್ಕಾರದ ಫಿಲ್ಮ್ಸ್ ಡಿವಿಜನ್ ತಯಾರಿಸುತ್ತಿದ್ದ ವಾರ್ತಾಚಿತ್ರಗಳು ಮತ್ತು ಸಾಕ್ಷ್ಯಚಿತ್ರಗಳನ್ನು ಪ್ರತಿಯೊಂದು ಟಾಕೀಸಿನಲ್ಲಿಯೂ ಸಿನಿಮಾಕ್ಕೆ ಮೊದಲು ತೋರಿಸುವುದು ಕಡ್ಡಾಯವಾಗಿತ್ತು. ಅಣೆಕಟ್ಟು, ಕಾರ್ಖಾನೆ, ಪಂಚವಾರ್ಷಿಕ ಯೋಜನೆ, ಇವೇ ಅವುಗಳ ಮುಖ್ಯ ವಿಷಯ. ಅಬ್ಬಾಸರ ಚಿತ್ರ ಆ ಪ್ರಗತಿಯನ್ನು ಅಲ್ಲಗಳೆಯಲಿಲ್ಲ. ಆದರೆ ಅದರ ಪಕ್ಕದಲ್ಲಿದ್ದ ಬಡತನವನ್ನೂ ಅದೇ ಪರದೆಯ ಮೇಲೆ ತೋರಿಸಿತು.

ಚಿತ್ರದ ಒಂದು ಭಾಗ ಮುಂಬಯಿಯ ವೇಶ್ಯಾವಾಟಿಕೆಗೆ ಸಂಬಂಧಿಸಿತ್ತು. ಅಲ್ಲಿಯ ಹೆಣ್ಣುಮಕ್ಕಳನ್ನು ಕೂಡ ಬಡತನಕ್ಕೆ ಬಲಿಯಾದವರೆಂದೇ ಅಬ್ಬಾಸರು ತೋರಿಸಿದ್ದರು. ಕಿಟಕಿ ಮುಚ್ಚುವ ಒಬ್ಬ ಹೆಣ್ಣು, ಕೈಯಿಂದ ಕೈಗೆ ದಾಟುವ ಒಂದು ನೋಟು, ಇಂಥ ಕೆಲವೇ ಕ್ಷಣಗಳ ದೃಶ್ಯ. ಅಶ್ಲೀಲವೆನ್ನಬಹುದಾದ ಏನೂ ಅದರಲ್ಲಿರಲಿಲ್ಲ.

ಎಲ್ಲ ವಯಸ್ಸಿನವರೂ ನೋಡಬಹುದಾದ 'ಯು' ಸರ್ಟಿಫಿಕೇಟನ್ನು ಅಬ್ಬಾಸರು ಕೇಳಿದರು. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ, ವಯಸ್ಕರಿಗೆ ಮಾತ್ರವಾದ 'ಎ' ಸರ್ಟಿಫಿಕೇಟ್ ಕೊಡುವುದಾಗಿ ಹೇಳಿತು. ಅವರು ತಮ್ಮ ಉದ್ದೇಶ ವಿವರಿಸಿದರು, ಮೇಲಿನ ಸಮಿತಿಗೆ ಹೋದರು, ಫಲವಾಗಲಿಲ್ಲ. ಕೊನೆಗೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಿದರು. ಆ ದೃಶ್ಯಗಳಿಗೆ ಕತ್ತರಿ ಹಾಕಿದರೆ 'ಯು' ಕೊಡಬಹುದು ಎಂದು ಸರ್ಕಾರ ಉತ್ತರಿಸಿತು.

ಓದುಗರೇ, 'ಯು' ಬದಲು 'ಎ' ಸಿಕ್ಕರೆ ಏನು ಮಹಾ ನಷ್ಟ ಎಂದು ನಿಮಗನ್ನಿಸಬಹುದು. ಸಾಕ್ಷ್ಯಚಿತ್ರಕ್ಕಾಗಿ ಯಾರೂ ಪ್ರತ್ಯೇಕ ಟಿಕೆಟ್ ಕೊಳ್ಳುವುದಿಲ್ಲ. ಅದು ದೊಡ್ಡ ಚಿತ್ರದ ಮುಂದೆ ನಡೆಯಬೇಕು. ದೊಡ್ಡ ಚಿತ್ರ ಮನೆಮಂದಿಯೆಲ್ಲ ನೋಡುವಂಥದ್ದಾಗಿದ್ದರೆ ಅದರ ಜೊತೆ 'ಎ' ಚಿತ್ರ ನಡೆಯುವಂತಿಲ್ಲ. ಹೀಗಾಗಿ 'ಎ' ಎಂಬ ಒಂದಕ್ಷರ ಆ ಹದಿನಾರು ನಿಮಿಷಗಳನ್ನು ಹೆಚ್ಚಿನ ಪ್ರೇಕ್ಷಕರಿಂದ ದೂರ ಇಡಲು ಸಾಕಾಗಿತ್ತು. ಶಾಲೆ ಕಾಲೇಜುಗಳ ಮಕ್ಕಳಂತೂ ಅದನ್ನು ನೋಡುವಂತೆಯೇ ಇರಲಿಲ್ಲ. ಯಾರು ನೋಡಬೇಕೆಂದು ಅಬ್ಬಾಸರು ಬಯಸಿದ್ದರೋ ಅವರಿಗೇ ಬಾಗಿಲು ಮುಚ್ಚಿತ್ತು.

ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು

ಅಬ್ಬಾಸರು ಸಂವಿಧಾನದ 32ನೆಯ ವಿಧಿಯ ಅಡಿಯಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮೂಲಭೂತ ಹಕ್ಕಿಗೆ ಧಕ್ಕೆ ಬಂದಾಗ ಯಾವುದೇ ನಾಗರಿಕ ಈ ಬಾಗಿಲು ತಟ್ಟಬಹುದು. ಅವರ ಅಳಲು 19ನೆಯ ವಿಧಿ ಕೊಟ್ಟಿರುವ ವಾಕ್ ಸ್ವಾತಂತ್ರ್ಯದ ಬಗ್ಗೆ. ಅಲೀಗಢದಲ್ಲಿ ಕಾನೂನು ಓದಿಯೂ ವಕೀಲರಾಗದ ವ್ಯಕ್ತಿ ಮೂವತ್ತೈದು ವರ್ಷಗಳ ನಂತರ ಅರ್ಜಿದಾರನಾಗಿ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ನಿಂತಿದ್ದರು. ಪೀಠದ ಮುಖ್ಯಸ್ಥರು ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ. ಆ ಪದವಿಗೇರಿದ ಮೊದಲ ಮುಸ್ಲಿಮರು, ಮುಂದೆ ದೇಶದ ಉಪರಾಷ್ಟ್ರಪತಿಯೂ ಆದವರು.

ಈಗ ಗಮನಿಸಿ, ಈ ಜೀವನಚರಿತ್ರೆಯ ಅತಿ ಮುಖ್ಯ ಘಟ್ಟ ಇಲ್ಲಿದೆ. ವಿಚಾರಣೆ ನಡೆಯುವ ವೇಳೆಗೆ ಸರ್ಕಾರವೇ ಹಿಂದೆ ಸರಿಯಿತು. ಯಾವ ಕತ್ತರಿಯೂ ಇಲ್ಲದೆ 'ಯು' ಸರ್ಟಿಫಿಕೇಟ್ ಕೊಡುವುದಾಗಿ ಸಾಲಿಸಿಟರ್ ಜನರಲ್ ನ್ಯಾಯಾಲಯಕ್ಕೆ ತಿಳಿಸಿದರು. ಅಬ್ಬಾಸರು ಕೇಳಿದ್ದು ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಸರ್ಟಿಫಿಕೇಟ್ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಅಬ್ಬಾಸರು ಹೋಗಲಿಲ್ಲ. ಹೆಸರುವಾಸಿಯಾದ ತನಗೆ ರಿಯಾಯಿತಿ ಸಿಗಬಹುದು, ಹೆಸರಿಲ್ಲದ ನಾಳಿನ ಚಿತ್ರಕಾರನ ಗತಿಯೇನು? ಅದೇ ಕಾನೂನು, ಅದೇ ಕತ್ತರಿ ಹಾಗೆಯೇ ಉಳಿಯುತ್ತದಲ್ಲ? ಅವರು ಅರ್ಜಿಯನ್ನು ತಿದ್ದುಪಡಿ ಮಾಡಲು ಅನುಮತಿ ಕೇಳಿದರು. ನ್ಯಾಯಾಲಯ ಒಪ್ಪಿತು. ಒಬ್ಬರ ಒಂದು ಚಿತ್ರದ ಜಗಳ ಇಡೀ ದೇಶದ ಚಿತ್ರಗಳ ಪ್ರಶ್ನೆಯಾಗಿ ಬದಲಾಯಿತು.

ಅವರ ವಾದದಲ್ಲಿ ನಾಲ್ಕು ಅಂಶಗಳಿದ್ದವು. ಒಂದು, ಚಿತ್ರ ತೆರೆ ಕಾಣುವ ಮೊದಲೇ ಅದನ್ನು ತಡೆಯುವ ಪೂರ್ವ ಸೆನ್ಸಾರ್ ಎಂಬುದೇ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ. ಎರಡು, ಅದು ಇರಲೇಬೇಕು ಎನ್ನುವುದಾದರೆ ಅಧಿಕಾರಿಯ ಮನಸ್ಸಿಗೆ ಬಂದಂತೆ ನಡೆಯದೆ ಖಚಿತವಾದ ನಿಯಮಗಳಂತೆ ನಡೆಯಬೇಕು. ಮೂರು, ತೀರ್ಮಾನಕ್ಕೆ ಕಾಲಮಿತಿ ಇರಬೇಕು. ನಾಲ್ಕು, ಮೇಲ್ಮನವಿ ಸರ್ಕಾರದ ಮುಂದೆ ಹೋಗದೆ ನ್ಯಾಯಾಲಯದ ಅಥವಾ ಸ್ವತಂತ್ರ ನ್ಯಾಯಮಂಡಳಿಯ ಮುಂದೆ ಹೋಗಬೇಕು. ಮಂಡಳಿಯನ್ನು ನೇಮಿಸುವುದೂ ಸರ್ಕಾರ, ಮಂಡಳಿಯ ಮೇಲಿನ ದೂರು ಕೇಳುವುದೂ ಸರ್ಕಾರ ಎಂದಾದರೆ ನ್ಯಾಯ ಎಲ್ಲಿಂದ ಬರಬೇಕು?

ಸೋಲೋ, ಗೆಲುವೋ?

1970ರ ಸೆಪ್ಟೆಂಬರ್ 24ರಂದು ತೀರ್ಪು ಬಂತು. ಮೊದಲ ವಾದದಲ್ಲಿ ಅಬ್ಬಾಸರು ಸೋತರು. ಸಿನಿಮಾ ಇತರ ಕಲೆಗಳಿಗಿಂತ ತೀವ್ರವಾಗಿ ಮನಸ್ಸನ್ನು ಕಲಕುತ್ತದೆ, ಎಳೆಯರು ದೊಡ್ಡವರು ಎಲ್ಲರ ಮೇಲೂ ಪರಿಣಾಮ ಬೀರುತ್ತದೆ, ಆದ್ದರಿಂದ ಸಮಾಜದ ಹಿತಕ್ಕಾಗಿ ಪೂರ್ವ ಸೆನ್ಸಾರ್ ಇರುವುದು ಸಂವಿಧಾನಬದ್ಧವೇ ಎಂದು ನ್ಯಾಯಾಲಯ ಹೇಳಿತು. ನಿಯಮಗಳು ಅಸ್ಪಷ್ಟವೆಂಬ ಎರಡನೆಯ ವಾದವನ್ನೂ ಒಪ್ಪಲಿಲ್ಲ. ಕಾಲಮಿತಿ ಮತ್ತು ಮೇಲ್ಮನವಿಯ ವಿಷಯದಲ್ಲಿ ಮಾತ್ರ ಸರ್ಕಾರ ತಾನೇ ಬದಲಾವಣೆ ತರಲು ಒಪ್ಪಿಕೊಂಡಿತು.

ಆದರೆ ತೀರ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಲೈಂಗಿಕತೆ ಮತ್ತು ಅಶ್ಲೀಲತೆ ಯಾವಾಗಲೂ ಒಂದೇ ಅಲ್ಲ ಎಂದು ಅದು ವಿವರಿಸಿತು. ಕತ್ತರಿ ಹಾಕಬೇಕೋ ಬೇಡವೋ ಎಂಬುದನ್ನು ವಸ್ತುವಿನಿಂದ ತೀರ್ಮಾನಿಸದೆ, ಆ ವಸ್ತುವನ್ನು ಹೇಗೆ ನಿರ್ವಹಿಸಲಾಗಿದೆ ಎಂಬುದರಿಂದ ತೀರ್ಮಾನಿಸಬೇಕೆಂದು ಹೇಳಿತು. ಸಮಾಜದ ಅತ್ಯಂತ ಕೆಟ್ಟ ಅಭಿರುಚಿಯವನನ್ನೋ ಅತ್ಯಂತ ದುರ್ಬಲ ಮನಸ್ಸಿನವನನ್ನೋ ಅಳತೆಗೋಲು ಮಾಡಿಕೊಂಡು ಉಳಿದವರೆಲ್ಲರ ನೋಟವನ್ನು ಕಟ್ಟಿಹಾಕಬಾರದೆಂದು ಎಚ್ಚರಿಸಿತು. ಆಗಿನ ಮಾರ್ಗದರ್ಶಿ ಸೂತ್ರಗಳು ಕಲೆಗೆ ಮತ್ತು ಅದರ ಸಾಮಾಜಿಕ ಮೌಲ್ಯಕ್ಕೆ ಸಾಕಷ್ಟು ಜಾಗ ಕೊಟ್ಟಿಲ್ಲವೆಂಬ ಕೊರತೆಯನ್ನು ಎತ್ತಿ ತೋರಿಸಿತು.

ಬೀಜ ಬಿತ್ತಿದ ದಿನವೇ ಫಲ ಕೇಳಬಾರದು. 1983ರಲ್ಲಿ ಚಿತ್ರಗಳ ಮೇಲ್ಮನವಿಗಾಗಿಯೇ ಪ್ರತ್ಯೇಕ ನ್ಯಾಯಮಂಡಳಿ ಸ್ಥಾಪನೆಯಾಯಿತು. 'ಯು' ಮತ್ತು 'ಎ' ನಡುವೆ 'ಯು/ಎ' ಎಂಬ ದರ್ಜೆ ಬಂತು. ಸೆನ್ಸಾರ್ ಎಂಬ ಪದವನ್ನು ಕೈಬಿಟ್ಟು ಮಂಡಳಿಗೆ ಪ್ರಮಾಣೀಕರಣ ಮಂಡಳಿ ಎಂಬ ಹೆಸರು ಬಂತು. 1991ರ ಮಾರ್ಗಸೂಚಿಗಳಲ್ಲಿ ಕಲಾವಿದನ ಸೃಜನಶೀಲ ಸ್ವಾತಂತ್ರ್ಯವನ್ನು ಅನಗತ್ಯವಾಗಿ ಮೊಟಕುಗೊಳಿಸಬಾರದು, ಚಿತ್ರವನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ನೋಡಬೇಕು ಎಂಬ ಅಂಶಗಳು ಸೇರಿದವು. 1989ರಲ್ಲಿ ತಮಿಳಿನ ಮೀಸಲಾತಿ ಕುರಿತ ಚಿತ್ರದ ವಿವಾದ ಬಂದಾಗ, 1996ರಲ್ಲಿ 'ಬ್ಯಾಂಡಿಟ್ ಕ್ವೀನ್' ವಿವಾದ ಬಂದಾಗ, ಸುಪ್ರೀಂ ಕೋರ್ಟು ಅಬ್ಬಾಸ್ ತೀರ್ಪಿನ ವಿಚಾರಗಳನ್ನೇ ಆಧಾರವಾಗಿಟ್ಟುಕೊಂಡು ಚಿತ್ರಗಳ ಪರವಾಗಿ ನಿಂತಿತು. ಮೇಲ್ಮನವಿಯ ನ್ಯಾಯಮಂಡಳಿ 2021ರಲ್ಲಿ ರದ್ದಾಯಿತು. ಈಗ ಚಿತ್ರಕಾರರು ನೇರವಾಗಿ ಹೈಕೋರ್ಟಿಗೆ ಹೋಗಬೇಕು. ಒಂದು ಕೈಯಿಂದ ಪಡೆದದ್ದು ಇನ್ನೊಂದು ಕೈಯಿಂದ ಜಾರಬಹುದು, ಹಕ್ಕುಗಳನ್ನು ಪ್ರತಿ ತಲೆಮಾರೂ ಕಾಯಬೇಕಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಆದ್ದರಿಂದ ಅಬ್ಬಾಸರು ಮೊಕದ್ದಮೆಯಲ್ಲಿ ಸೋತರು ಎನ್ನುವುದು ಅರ್ಧ ಸತ್ಯ. ತಮಗಾಗಿ ಕೇಳಿದ್ದನ್ನು ಅವರು ಮೊದಲೇ ಗೆದ್ದಿದ್ದರು. ಸೋತದ್ದು ಇತರರಿಗಾಗಿ ಹೂಡಿದ ವಾದದಲ್ಲಿ. ಆದರೆ ಹೆಚ್ಚಿನ ಪ್ರಯೋಜನ ಪಡೆದವರೂ ಆ ಇತರರೇ.

ಸಪ್ತ ಹಿಂದೂಸ್ತಾನಿಗಳು ಮತ್ತು ಪಾಪಾ ಮಿಯಾ

ಮೊಕದ್ದಮೆಯ ಗದ್ದಲದ ದಿನಗಳಲ್ಲಿಯೇ, 1969ರಲ್ಲಿ, 'ಸಾತ್ ಹಿಂದೂಸ್ತಾನಿ' ಬಿಡುಗಡೆಯಾಯಿತು. ನಮ್ಮ ರಾಜ್ಯಕ್ಕೆ ಹೊಂದಿಕೊಂಡಿರುವ ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಲು ಹೊರಟ ಬೇರೆ ಬೇರೆ ಪ್ರಾಂತ್ಯ, ಬೇರೆ ಬೇರೆ ಧರ್ಮದ ಏಳು ಜನರ ಕಥೆ. ಅಬ್ಬಾಸರು ಇಲ್ಲೊಂದು ಸ್ವಾರಸ್ಯದ ಉಪಾಯ ಮಾಡಿದರು. ಮಲಯಾಳಿ ನಟ ಮಧು ಅವರಿಗೆ ಬಂಗಾಳಿಯ ಪಾತ್ರ, ಬಂಗಾಳಿ ನಟ ಉತ್ಪಲ್ ದತ್ತರಿಗೆ ಪಂಜಾಬಿಯ ಪಾತ್ರ. ಮುಖ ನೋಡಿ ಪ್ರಾಂತ್ಯ ಹೇಳುವ ನಮ್ಮ ಅಭ್ಯಾಸಕ್ಕೆ ಇದು ಪೆಟ್ಟು. ಬಿಹಾರದ ಮುಸ್ಲಿಂ ಕವಿ ಅನ್ವರ್ ಅಲಿಯ ಪಾತ್ರವನ್ನು ಒಬ್ಬ ಎತ್ತರದ ಹೊಸ ಯುವಕನಿಗೆ ಕೊಟ್ಟರು. ಆತನೇ ಅಮಿತಾಭ್ ಬಚ್ಚನ್. ಆ ವರ್ಷವೇ ಅಬ್ಬಾಸರಿಗೆ ಪದ್ಮಶ್ರೀ ಪ್ರಶಸ್ತಿಯೂ ಬಂತು.

ನಮ್ಮಂಥ ವಿದ್ಯಾಸಂಸ್ಥೆಗಳವರು ಮುಖ್ಯವಾಗಿ ನೆನೆಯಬೇಕಾದದ್ದು ಅವರ 'ಪಾಪಾ ಮಿಯಾ ಆಫ್ ಅಲೀಗಢ್' ಎಂಬ ಸಾಕ್ಷ್ಯಚಿತ್ರವನ್ನು. ಪಾಪಾ ಮಿಯಾ ಎಂದರೆ ಶೇಖ್ ಅಬ್ದುಲ್ಲಾ. ಕಾಶ್ಮೀರದ ರಾಜಕೀಯ ನಾಯಕರಲ್ಲ, ಅದೇ ಹೆಸರಿನ ಅಲೀಗಢದ ವಕೀಲರು. 1906ರಲ್ಲಿ ಪತ್ನಿ ವಹೀದ್ ಜಹಾನ್ ಬೇಗಂ ಅವರೊಡನೆ ಅಲೀಗಢದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು, ವಿರೋಧಗಳನ್ನೆಲ್ಲ ಸಹಿಸಿ ಅದನ್ನು ಕಾಲೇಜಾಗಿ ಬೆಳೆಸಿದರು. ಹಾಲಿಯವರು ಬರವಣಿಗೆಯಲ್ಲಿ ಕೇಳಿದ್ದನ್ನು ಪಾಪಾ ಮಿಯಾ ಇಟ್ಟಿಗೆಯಲ್ಲಿ ಕಟ್ಟಿದರು, ಹಾಲಿಯವರ ಮರಿಮಗ ಅದನ್ನು ಫಿಲ್ಮಿನಲ್ಲಿ ದಾಖಲಿಸಿದರು.

1980ರಲ್ಲಿ 'ದ ನಕ್ಸಲೈಟ್ಸ್' ಎಂಬ ಚಿತ್ರ ಮಾಡಿದಾಗ ಅಬ್ಬಾಸರಿಗೆ ಅರವತ್ತಾರು ವರ್ಷ. ಆ ವಯಸ್ಸಿನಲ್ಲಿಯೂ ಸುಡುವ ವಿಷಯಗಳಿಂದ ಅವರು ದೂರ ಸರಿಯಲಿಲ್ಲ. 1987ರ ಜೂನ್ 1ರಂದು, ಎಪ್ಪತ್ಮೂರನೆಯ ಹುಟ್ಟುಹಬ್ಬಕ್ಕೆ ಆರು ದಿನ ಇರುವಾಗ, ಮುಂಬಯಿಯಲ್ಲಿ ನಿಧನರಾದರು. ರಾಜ್ ಕಪೂರ್ ಸಂಸ್ಥೆಗಾಗಿ ಅವರು ಬರೆದಿದ್ದ 'ಹೆನ್ನಾ' 1991ರಲ್ಲಿ ತೆರೆ ಕಂಡಿತು.

ಅವರ ನಂತರ

ಅಬ್ಬಾಸರು ತೆರೆದ ದಾರಿಯಲ್ಲಿ ಅನೇಕರು ನಡೆದರು. ಮುಂಬಯಿಯ ಜೋಪಡಿವಾಸಿಗಳ ಬಗ್ಗೆ ಆನಂದ್ ಪಟವರ್ಧನ್ 1985ರಲ್ಲಿ 'ಹಮಾರಾ ಶಹರ್' ತಯಾರಿಸಿದರು. ತಮ್ಮ ಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸಬೇಕೆಂದು ಅವರು ಹಲವು ಬಾರಿ ಕೋರ್ಟಿಗೆ ಹೋಗಿ ಗೆದ್ದರು. ನಮ್ಮ ಕರ್ನಾಟಕದ ನಿಪ್ಪಾಣಿಯ ತಂಬಾಕು ಕಾರ್ಮಿಕ ಮಹಿಳೆಯರ ಬದುಕು ಮತ್ತು ಹೋರಾಟವನ್ನು ದೀಪಾ ಧನರಾಜ್ ಮತ್ತು ಅವರ 'ಯುಗಾಂತರ್' ತಂಡ 1982ರಲ್ಲಿ ಚಿತ್ರೀಕರಿಸಿತು. ನಮಗೆ ನೆರೆಯ ಹೈದರಾಬಾದಿನಲ್ಲಿ 1984ರಲ್ಲಿ ನಡೆದ ಕೋಮುಗಲಭೆಯ ಹಿಂದಿನ ರಾಜಕೀಯವನ್ನು ಅದೇ ದೀಪಾ ಅವರು 'ಕ್ಯಾ ಹುವಾ ಇಸ್ ಶಹರ್ ಕೋ' ಚಿತ್ರದಲ್ಲಿ ಬಿಡಿಸಿಟ್ಟರು.

ವಿದ್ಯಾರ್ಥಿ ಮಿತ್ರರೇ, ಅಬ್ಬಾಸರ ಕಾಲದಲ್ಲಿ ಹದಿನಾರು ನಿಮಿಷದ ಚಿತ್ರಕ್ಕೆ ಫಿಲ್ಮಿನ ಸುರುಳಿ, ಲ್ಯಾಬು, ಸರ್ಟಿಫಿಕೇಟು, ಟಾಕೀಸು ಎಲ್ಲವೂ ಬೇಕಿತ್ತು. ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲಿಯೇ ಕ್ಯಾಮೆರಾ ಇದೆ. ಅದನ್ನು ಏನು ತೋರಿಸಲು ಬಳಸುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಸುಳ್ಳು ಸುದ್ದಿಯ ತುಣುಕನ್ನು ಹತ್ತು ಜನರಿಗೆ ಕಳಿಸುವುದಕ್ಕೂ ಅದೇ ಸಾಧನ, ಕಂಡ ಸತ್ಯವನ್ನು ದಾಖಲಿಸುವುದಕ್ಕೂ ಅದೇ ಸಾಧನ. ಬಿದರಿಯ ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂಡಿಸುವ ಕುಶಲಕರ್ಮಿಯ ಕಣ್ಣು, ಔರಾದ ಭಾಲ್ಕಿ ಕಡೆಯಿಂದ ಕೂಲಿ ಅರಸಿ ಹೈದರಾಬಾದಿನ ಬಸ್ಸು ಹತ್ತುವ ಕುಟುಂಬ, ಅವರ ಜೊತೆ ಹೊರಟು ಅರ್ಧಕ್ಕೆ ಶಾಲೆ ಬಿಡುವ ಮಗು, ಇವೆಲ್ಲ ಯಾರಾದರೂ ನೋಡಲಿ ಎಂದು ಕಾಯುತ್ತಿವೆ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯವರ ಉರುಸಿಗೆ ಜಂಗಮರು ಬರುತ್ತಾರೆ, ಲಿಂಗಾಯತರೂ ಮುಸ್ಲಿಮರೂ ಒಂದೇ ಗುಂಬಜಿನ ಕೆಳಗೆ ಸೇರುತ್ತಾರೆ. ಅಬ್ಬಾಸರು ಏಳು ಹಿಂದೂಸ್ತಾನಿಗಳಲ್ಲಿ ಹುಡುಕಿದ ಹಿಂದೂಸ್ತಾನ ನಮ್ಮ ಅಂಗಳದಲ್ಲಿಯೇ ಇದೆ.

ಅಬ್ಬಾಸರ ಜೀವನದಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ನೋಡಲು ಯಾರೂ ಬಯಸದ್ದನ್ನು ಪ್ರಾಮಾಣಿಕವಾಗಿ ನೋಡುವ ಧೈರ್ಯ. ಎರಡನೆಯದು ಅದಕ್ಕಿಂತ ಕಷ್ಟದ್ದು. ತನ್ನ ಕೆಲಸವಾದ ಮೇಲೆ ಎದ್ದು ಹೋಗದೆ, ಹಿಂದೆ ಸಾಲಿನಲ್ಲಿ ನಿಂತಿರುವ ಹೆಸರಿಲ್ಲದವನಿಗಾಗಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುವುದು. ವಿದ್ಯೆ ಕಲಿತವರು ಮಾಡಬೇಕಾದ ಕೆಲಸವೂ ಅದೇ ಅಲ್ಲವೇ?